ಗೊಣ್ಣೆ ಹುಳದ ವರ್ಷ

ನನ್ನ ಮಗಳು ಹುಟ್ಟಿದ ವಾರದಲ್ಲೇ ಅಬ್ಬಾ ಹೊಲಕ್ಕೆ ಮೆಣಸಿನ ಸಸಿ ಹಚ್ಚಿಸಿದರು. ಹೆರಿಗೆಗೆಂದು ನಾನು ರಾಣೆಬೆನ್ನೂರಿನ ಗಂಡನ ಮನೆಯಿಂದ ತವರಿಗೆ ಬಂದಿದ್ದೆ. ತವರು ಅಂದರೆ ಮೋಟೆಬೆನ್ನೂರಿನ ಊರ ಹೊರಗೆ, ಹೊಲದಲ್ಲೇ ಕಟ್ಟಿಕೊಂಡ ಸಣ್ಣ ಮನೆ. ಹೆದ್ದಾರಿಯ ಲಾರಿಗಳ ಸದ್ದು ಹಗಲೂ ರಾತ್ರಿ ಕೇಳುತ್ತಿತ್ತು. ನಲವತ್ತು ದಿನ ಮುಗಿಯುವ ತನಕ ಹೊಸ್ತಿಲು ದಾಟಬಾರದು ಎಂದು ಅಮ್ಮಿ ಕಟ್ಟುನಿಟ್ಟು ಮಾಡಿದ್ದಳು. ಹಾಗಾಗಿ ಆ ಮಳೆಗಾಲದಲ್ಲಿ ಅಷ್ಟೂ ದಿನ ಹೊಲವನ್ನು ನಾನು ನೋಡಿದ್ದು ಹಿಂದಿನ ಕೋಣೆಯ ಕಿಟಕಿಯಿಂದ, ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು.

ಕಿಟಕಿಗೆ ಮೊದಲು ಕಾಣುತ್ತಿದ್ದುದು ನಮ್ಮ ಮೆಣಸಿನ ಸಾಲುಗಳು. ಅವುಗಳ ಆಚೆ ಒಂದು ಬದು, ಬದುವಿನ ಮೇಲೆ ಬೇವಿನ ಮರ. ಬದುವಿನ ಆ ಕಡೆಯ ಹೊಲ ಅಬ್ಬಾನ ಅಣ್ಣನದು. ಅವರನ್ನು ನಾವು ಬಡೇ ಅಬ್ಬಾ ಎನ್ನುತ್ತಿದ್ದೆವು. ಒಂದೇ ಹೊಲವಾಗಿದ್ದದ್ದು ಅಜ್ಜ ತೀರಿಕೊಂಡ ಮೇಲೆ ಎರಡಾಗಿತ್ತು, ಆದರೆ ಎರಡು ಮನೆಗಳಾಗಿರಲಿಲ್ಲ. ಅದಾದದ್ದು ನನ್ನ ಮದುವೆಯಲ್ಲಿ. ಬಡೇ ಅಬ್ಬಾ ತಮ್ಮ ಮಗನಿಗೆ ನನ್ನನ್ನು ಕೇಳಿದ್ದರು. ಅಬ್ಬಾ ಮೊದಲು ಹೂಂ ಎಂದು, ಆಮೇಲೆ ನನ್ನ ಮುಖ ನೋಡಿ, ರಾಣೆಬೆನ್ನೂರಿಗೆ ಕೊಟ್ಟರು. ಬಡೇ ಅಬ್ಬಾ ಮದುವೆಗೆ ಬರಲಿಲ್ಲ. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಈದ್ ದಿನ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡಿ, ಬೇರೆ ಬೇರೆ ದಾರಿ ಹಿಡಿದು ಮನೆಗೆ ಬರುತ್ತಿದ್ದರು.

ಮೊದಲ ಗಿಡ ಬಾಡಿದ್ದನ್ನು ಕಂಡದ್ದು ನಾನೇ. ಸುತ್ತಲಿನ ಗಿಡಗಳೆಲ್ಲ ಹಸಿರಾಗಿರುವಾಗ ನಡುವೆ ಒಂದು ಮಾತ್ರ ತಲೆ ಬಗ್ಗಿಸಿ ನಿಂತಿತ್ತು. ಮರುದಿನ ಅದರ ಪಕ್ಕದ್ದೂ ಬಾಡಿತು. ಮಳೆ ಚೆನ್ನಾಗಿತ್ತು, ನೆಲ ಹಸಿಯಾಗಿತ್ತು, ಆದರೂ ಬೇಸಿಗೆಯಲ್ಲಿ ನೀರು ತಪ್ಪಿದ ಗಿಡದ ಹಾಗೆ ಎಲೆಗಳು ಜೋತಿದ್ದವು. ಅಬ್ಬಾ ಸಾಲಿನಲ್ಲಿ ಕೂತು ನೋಡಿದರು.

"ನೀರು ಹೆಚ್ಚಾಗೈತಿ. ಕೊಳಿರೋಗ ಇರಬೇಕು," ಎಂದರು.

"ಕೊಳಿರೋಗ ಆಗಿದ್ರ ಬುಡ ಕರ್ರಗ ಆಗ್ತಿತ್ತು. ಕಿತ್ತು ನೋಡ್ರಿ," ಎಂದಳು ಅಮ್ಮಿ.

ಅಬ್ಬಾ ಗಿಡಕ್ಕೆ ಕೈ ಹಾಕಿದರು. ಎಳೆಯಬೇಕಾಗಲೇ ಇಲ್ಲ, ಗಿಡ ಹಾಗೇ ಮೇಲಕ್ಕೆ ಬಂತು. ಅವರು ಅದನ್ನು ತಲೆಕೆಳಗು ಹಿಡಿದು ಬಹಳ ಹೊತ್ತು ನೋಡಿದ್ದು ಕಿಟಕಿಯಿಂದ ನನಗೆ ಕಾಣುತ್ತಿತ್ತು. ಕೆಳಗೆ ಬೇರು ಇರಲಿಲ್ಲ. ಬುಡ ಕತ್ತರಿಸಿದಷ್ಟು ಚೊಕ್ಕವಾಗಿತ್ತು.

ಅಮ್ಮಿ ಕುರ್ಪಿಯಿಂದ ಆ ಜಾಗವನ್ನು ಕೆದರಿದಳು. ಗೇಣು ಆಳ ಹೋಗುವುದರೊಳಗೆ ಬೆಳ್ಳನೆಯ ಹುಳಗಳು ಹೊರಬಿದ್ದವು. ಕಿರುಬೆರಳಿನಷ್ಟು ದಪ್ಪ, ಕೆಂಪಗಿನ ತಲೆ, ಮೈ ಸುರುಟಿಕೊಂಡು ಮಲಗಿದ ಹುಳಗಳು. ಬೆಳಕು ಬಿದ್ದರೂ ಅವು ಓಡಲಿಲ್ಲ. ಇನ್ನಷ್ಟು ಸುರುಟಿಕೊಂಡವು ಅಷ್ಟೆ.

"ಗೊಣ್ಣಿಹುಳ," ಎಂದಳು ಅಮ್ಮಿ. ಅವುಗಳನ್ನು ಹಳೆಯ ಡಾಲ್ಡಾ ಡಬ್ಬಿಗೆ ತುಂಬಿ ಮನೆಗೆ ತಂದು ಕೋಳಿಗಳ ಮುಂದೆ ಸುರಿದಳು.

ಅಮ್ಮಿಯ ಕೋಳಿಗಳು ಅಮ್ಮಿಯ ಸ್ವಂತ ಆಸ್ತಿ. ಅವುಗಳ ತತ್ತಿಯನ್ನು ದಿನಾ ಬೇಯಿಸಿ, ಮೆಣಸಿನಪುಡಿ ಹಚ್ಚಿ, ಬಾಣಂತಿಯಾದ ನನಗೆ ತಿನ್ನಿಸುತ್ತಿದ್ದಳು. ಹುಳದ ರುಚಿ ಹತ್ತಿದ ಮೇಲೆ ಕೋಳಿಗಳು ಡಬ್ಬಿಯ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದವು. ಅಮ್ಮಿ ದಿನಾ ಹೊತ್ತು ಏರುವ ಮೊದಲು ಸಾಲಿಗೆ ಇಳಿದು ಬಾಡಿದ ಗಿಡಗಳ ಬುಡ ಕೆದರುತ್ತಿದ್ದಳು. ಡಬ್ಬಿ ದಿನಾ ತುಂಬುತ್ತಿತ್ತು. ಮೊದಮೊದಲು ಅದು ನಮಗೆ ಸಮಾಧಾನ ಕೊಟ್ಟಿತು. ಆಮೇಲೆ ಅದೇ ಹೆದರಿಕೆಯಾಯಿತು. ಎಷ್ಟು ತೆಗೆದರೂ ಮರುದಿನ ಅಷ್ಟೇ ಇರುತ್ತಿದ್ದವು. ಒಂದೊಂದಾಗಿ ಬಾಡುತ್ತಿದ್ದ ಗಿಡಗಳು ಈಗ ದುಂಡಗೆ, ಒಕ್ಕಲು ಕಣದಷ್ಟು ಅಗಲದ ಜಾಗಗಳಲ್ಲಿ ಒಣಗತೊಡಗಿದ್ದವು. ಮೇಲಿನಿಂದ ಹಸಿರಾಗಿ ಕಾಣುವ ಗಿಡವನ್ನು ಮುಟ್ಟಲು ಅಬ್ಬಾ ಹಿಂಜರಿಯುತ್ತಿದ್ದರು. ಮುಟ್ಟಿದರೆ ಕೈಗೆ ಬಂದುಬಿಟ್ಟೀತು ಎಂಬ ಭಯ ಅವರಿಗೆ.

ಕೃಷಿ ಇಲಾಖೆಯಿಂದ ಒಬ್ಬ ಹೆಣ್ಣುಮಗಳು ಬಂದು ನೋಡಿ ಹೋದಳು. ನಮ್ಮ ಅಂಗಳದಲ್ಲೇ ಕೂತು ಚಹಾ ಕುಡಿಯುತ್ತ ಹೇಳಿದಳು.

"ನೀವು ಹಾಕಿದ ಗೊಬ್ಬರ ಪೂರ್ತಿ ಕಳತಿರಲಿಲ್ಲ ಅನಸ್ತೈತ್ರಿ. ಹಸಿ ಗೊಬ್ಬರ ಇದ್ದಲ್ಲಿ ಇವು ಭಾಳ ಆಗ್ತಾವು. ಈಗ ಇಷ್ಟು ದೊಡ್ಡವು ಆದಮ್ಯಾಲೆ ಔಷಧಕ್ಕ ಜಗ್ಗೂದಿಲ್ಲ. ಬರೋ ವರ್ಷ ಮೊದಲ ಮಳಿ ಬಿದ್ದಾಗ ಸಂಜಿಮುಂದ ದುಂಬಿ ನೆಲದಾಗಿಂದ ಎದ್ದು ಬೇವಿನ ಗಿಡಕ್ಕ ಬರ್ತಾವ. ಆವಾಗ ಹಿಡಿದು ಕೊಲ್ಲಬೇಕ್ರಿ. ಆದ್ರ ನೀವೊಬ್ರ ಮಾಡಿದ್ರ ಉಪಯೋಗ ಇಲ್ಲ. ಬಾಜೂ ಹೊಲದವರೂ ಮಾಡಬೇಕು."

ಅಬ್ಬಾ ಬದುವಿನ ಕಡೆ ಒಮ್ಮೆ ನೋಡಿ ಕಪ್ಪು ಕೆಳಗಿಟ್ಟರು.

ಬದುವಿನ ಆಚೆಯೂ ಅದೇ ಆಗಿತ್ತು. ಬಡೇ ಅಬ್ಬಾನ ಮೆಣಸಿನ ಗಿಡಗಳೂ ಬಾಡುತ್ತಿದ್ದುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಒಂದು ಮಧ್ಯಾಹ್ನ ಮಳೆ ನಿಂತ ಹೊತ್ತಿನಲ್ಲಿ ಇಬ್ಬರೂ ಹೊಲದಲ್ಲಿದ್ದರು. ಬೇವಿನ ಮರದ ಈ ಕಡೆ ಅಬ್ಬಾ, ಆ ಕಡೆ ಬಡೇ ಅಬ್ಬಾ. ಇಬ್ಬರ ಕೈಯಲ್ಲೂ ಬೇರಿಲ್ಲದ ಒಂದೊಂದು ಗಿಡ. ಬಡೇ ಅಬ್ಬಾ ಬದುವಿನ ಹತ್ತಿರ ಬಂದು ನಿಂತರು. ಅಬ್ಬಾ ಬೆನ್ನು ತಿರುಗಿಸಿ ಮುಂದಿನ ಸಾಲಿಗೆ ಹೋದರು. ಬಡೇ ಅಬ್ಬಾ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಗಿಡವನ್ನು ಬದುವಿನ ಮೇಲೆ ಎಸೆದು ಹೊರಟರು.

ಅದಾದ ಕೆಲವು ದಿನಗಳಿಗೆ ನನ್ನ ನಲವತ್ತು ಮುಗಿಯಿತು. ತಲೆಗೆ ನೀರು ಹಾಕಿಸಿಕೊಂಡು ಅಂಗಳಕ್ಕೆ ಬಂದೆ. ಆ ಸಂಜೆ ಗಾಳಿ ಬದುವಿನ ಕಡೆಯಿಂದ ಬೀಸುತ್ತಿತ್ತು. ಅದರಲ್ಲಿ ಒಂದು ವಾಸನೆ. ಕೊಳೆತ ಬೆಳ್ಳುಳ್ಳಿಯದೋ, ಗಟಾರದ್ದೋ ಅನ್ನುವಂಥದ್ದು. ಮಗಳು ಒಂದೇ ಸಮನೆ ಅಳತೊಡಗಿದಳು. ಹೆದ್ದಾರಿಯಲ್ಲಿ ಯಾವುದೋ ಟ್ಯಾಂಕರ್ ಸೋರಿರಬೇಕು ಎಂದುಕೊಂಡು ನಾವು ಕಿಟಕಿ ಬಾಗಿಲು ಹಾಕಿ ಮಲಗಿದೆವು.

ಬೆಳಿಗ್ಗೆ ಅಮ್ಮಿ ಕೋಳಿ ಬಿಟ್ಟಳು. ಅವು ಎಂದಿನಂತೆ ಸಾಲುಗಳಿಗೆ ನುಗ್ಗಿ, ಕೆದರುತ್ತ ಕೆದರುತ್ತ ಬದು ದಾಟಿ ಹೋದವು. ರಾತ್ರಿಯ ಮಳೆಗೆ ನೆಲ ಮೆತ್ತಗಾಗಿತ್ತು. ಬಡೇ ಅಬ್ಬಾನ ಹೊಲದಲ್ಲಿ ಹುಳಗಳು ತಾವಾಗಿಯೇ ಮಣ್ಣಿನ ಮೇಲೆ ಬಂದು ಹೊರಳಾಡುತ್ತಿದ್ದವಂತೆ. ಅದನ್ನು ನಾವು ಆಮೇಲೆ ತಿಳಿದೆವು. ಎಲ್ಲಿಂದಲೋ ಬೆಳ್ಳಕ್ಕಿಗಳ ಹಿಂಡೂ ಇಳಿದಿತ್ತು. ಅಷ್ಟು ಬಿಳಿ ಹಕ್ಕಿಗಳು ಒಮ್ಮೆಗೇ ನೆಲಕ್ಕೆ ಬಾಗಿ ತಿನ್ನುವುದನ್ನು ಮಗಳಿಗೆ ತೋರಿಸಲೆಂದು ನಾನು ಅವಳನ್ನು ಎತ್ತಿ ಹಿಡಿದೆ.

ಮೊದಲು ಹಿಂದಿರುಗಿದ್ದು ಕೆಂಪು ಹ್ಯಾಟೆ ಕೋಳಿ. ಅದು ಕುಡಿದವರ ಹಾಗೆ ಅಡ್ಡಾದಿಡ್ಡಿ ನಡೆಯುತ್ತ ಬಂದು ಅಂಗಳದಲ್ಲಿ ಬಿತ್ತು. ಕೊಕ್ಕಿನಿಂದ ನೀರು ಸುರಿಯುತ್ತಿತ್ತು. ಕತ್ತು ಹಿಂದಕ್ಕೆ ತಿರುಚಿ, ಕಾಲು ನೀಡಿ, ಅಮ್ಮಿ ಬಾಯಿಗೆ ನೀರು ಬಿಡುವಷ್ಟರಲ್ಲಿ ಸತ್ತಿತು. ಉಳಿದವು ಅಂಗಳದ ತನಕ ಬರಲೂ ಇಲ್ಲ. ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಬಿದ್ದವು. ನಾನು ತಲೆ ಎತ್ತಿ ನೋಡಿದೆ. ಆಚೆ ಹೊಲದಲ್ಲಿ ಬೆಳ್ಳಕ್ಕಿಗಳಲ್ಲಿ ಕೆಲವು ಹಾರಿದ್ದವು. ಕೆಲವು ರೆಕ್ಕೆ ಹರಡಿಕೊಂಡು ನೆಲದ ಮೇಲೇ ಬಿದ್ದಿದ್ದವು.

ಅಮ್ಮಿ ಕೆಂಪು ಹ್ಯಾಟೆಯನ್ನು ಕಾಲು ಹಿಡಿದು ಎತ್ತಿಕೊಂಡಳು. ಅಬ್ಬಾ ಬ್ಯಾಡಗಿಗೆ ಹೋಗಿದ್ದರು, ತಡೆಯುವವರು ಯಾರೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಬದುವಿನ ಕಡೆ ನಡೆದಳು. ಎರಡು ವರ್ಷದ ಸಿಟ್ಟು ಅವಳ ನಡಿಗೆಯಲ್ಲಿತ್ತು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಹೋದೆ.

"ನೀ ಬರಬ್ಯಾಡ," ಎಂದಳು ಬದುವಿನ ಮೇಲೆ ನಿಂತು. "ಕೂಸನ್ನ ಈ ಮಣ್ಣಿನ್ಯಾಗ ತರಬ್ಯಾಡ. ಗಿಡದ ಕೆಳಗೇ ನಿಲ್ಲು."

ನಾನು ಬೇವಿನ ಮರದ ಬುಡದಲ್ಲಿ ನಿಂತೆ. ಬಡೇ ಅಬ್ಬಾ ಅಲ್ಲಿಗೆ ಹತ್ತಿರದಲ್ಲೇ, ಪಂಪಿನ ಕೋಣೆಯ ಕಟ್ಟೆಯ ಮೇಲೆ ಕೂತಿದ್ದರು. ಅವರ ಮಾತು ನನಗೆ ಕೇಳುತ್ತಿತ್ತು. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಆದರೆ ಜಗಳಕ್ಕೆ ನಿಂತಾಗ ಅಮ್ಮಿಗೆ ಬರುತ್ತಿದ್ದುದು ಕನ್ನಡವೇ. ಕೋಳಿಯನ್ನು ಅವರ ಕಾಲ ಬಳಿ ಹಾಕಿದಳು.

"ಭಾಯಿಸಾಬ, ಹೊಲಕ್ಕ ಏನು ಹಾಕೀರಿ?"

"ಗುಳಿಗಿ." ಅವರು ತಲೆ ಎತ್ತಲಿಲ್ಲ. ಗುಳಿಗೆ ಎಂದರೆ ಮಣ್ಣಿಗೆ ಎರಚುವ ಹರಳು ವಿಷ. ಅಂಗಡಿಗಳಲ್ಲಿ ಈಗ ಸಿಗುವುದಿಲ್ಲ ಎನ್ನುತ್ತಾರೆ, ಆದರೆ ಯಾರದೋ ಮನೆಯ ಮೂಲೆಯಲ್ಲಿ ಹಳೆಯದು ಉಳಿದಿರುತ್ತದೆ.

"ನಮಗ ಒಂದು ಮಾತು ಹೇಳಬೇಕಿಲ್ಲ?"

"ನನ್ನ ಹೊಲ. ನಾ ಏನರ ಹಾಕ್ತೇನಿ."

"ಹುಳಕ್ಕ ಬದು ಗೊತ್ತೈತೇನು? ಕೋಳಿಗೆ ಗೊತ್ತೈತೇನು? ಮನ್ಯಾಗ ಬಾಣಂತಿ ಅದಾಳ. ಅದ ಕೋಳಿ ತತ್ತಿ ತಿಂತಾಳ. ಎಳಿ ಕೂಸು ಐತಿ."

ಅಮ್ಮಿ ಇನ್ನೂ ಏನೋ ಹೇಳಲು ಬಾಯಿ ತೆರೆದವಳು ನಿಲ್ಲಿಸಿದಳು. ನಾನೂ ಆಗಲೇ ಬಡೇ ಅಬ್ಬಾನನ್ನು ಸರಿಯಾಗಿ ನೋಡಿದ್ದು. ತಂಪು ಗಾಳಿ ಬೀಸುತ್ತಿದ್ದರೂ ಅಂಗಿ ಮೈಗೆ ಅಂಟುವಷ್ಟು ಬೆವತಿದ್ದರು. ಗಡ್ಡದ ತುದಿಯಿಂದ ಜೊಲ್ಲು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಎತ್ತಿದ ಕೈ ಬಾಯಿಯ ತನಕ ಹೋಗದೆ ಗಾಳಿಯಲ್ಲಿ ನಡುಗುತ್ತಿತ್ತು.

"ಭಾಯಿಸಾಬ, ಇತ್ತ ನೋಡ್ರಿ," ಎಂದಳು ಅಮ್ಮಿ. ಅವಳ ದನಿ ಬದಲಾಗಿತ್ತು.

ಅವರು ನೋಡಿದರು. ಕಣ್ಣಿನ ಕರಿ ಬೊಟ್ಟು ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು ಎಂದು ಅಮ್ಮಿ ಆಮೇಲೆ ಎಷ್ಟೋ ಸಲ ಹೇಳಿದಳು.

"ಕೈಲೆ ಒಗದೀರೇನು ಅದನ್ನ?"

"ಹೂಂ. ನಿನ್ನೆ ಸಂಜಿಮುಂದ. ಇವತ್ತ ಮುಂಜಾನೆ ಉಳಿದಷ್ಟು."

"ಕೈ ತೊಳಕೊಂಡ್ರಿ?"

ಅವರು ತಮ್ಮ ಅಂಗೈ ನೋಡಿಕೊಂಡರು. "ಬೀಡಿ ಸೇದಿದೆ. ರೊಟ್ಟಿ ತಿಂದೆ. ಕಣ್ಣ ಮುಂದ ಮಂಜು ಬಂದಂಗ ಆಗೇತಿ ನೋಡು," ಎಂದು ಒಂದು ಕಡೆಗೆ ವಾಲಿದರು.

ಅಮ್ಮಿ ಅವರನ್ನು ಹಿಡಿದುಕೊಂಡಳು. ತಮ್ಮನ ಹೆಂಡತಿಯಾಗಿ ಇಷ್ಟು ವರ್ಷ ಅವರ ಎದುರು ತಲೆ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಈಗ ಅವರ ಅಂಗಿಯನ್ನು ಎರಡೂ ಕೈಯಿಂದ ಹರಿದು ತೆಗೆದು, ಪಂಪು ಚಾಲು ಮಾಡಿ, ತಲೆಯಿಂದ ಕಾಲಿನ ತನಕ ನೀರು ಹೊಯ್ದಳು. ಅಲ್ಲಿದ್ದ ಬಟ್ಟೆ ಸಾಬೂನಿನಿಂದ ಕೈ, ಗಡ್ಡ, ಎದೆ ಎಲ್ಲ ತಿಕ್ಕಿದಳು. ನನ್ನ ಕಡೆ ತಿರುಗಿ, "ಗಾಡಿ ನೋಡು, ಲಗೂ," ಎಂದಳು.

ನಾನು ಕೂಸನ್ನು ಎದೆಗೆ ಒತ್ತಿಕೊಂಡು ಮಣ್ಣಿನ ದಾರಿಯಲ್ಲಿ ಹೆದ್ದಾರಿಯ ತನಕ ಓಡಿದೆ. ಲಾರಿಗಳು ನಿಲ್ಲಲಿಲ್ಲ. ಕೊನೆಗೆ ಮೆಣಸಿನಕಾಯಿ ಚೀಲ ಇಳಿಸಿ ಖಾಲಿ ಹೋಗುತ್ತಿದ್ದ ಒಂದು ಗೂಡ್ಸ್ ಗಾಡಿ ನಿಂತಿತು. ಚಾಲಕ ದೇವರಗುಡ್ಡದವನು. ಮಾತು ಕೇಳಿ ಗಾಡಿಯನ್ನು ಹೊಲದ ತನಕ ತಂದ, ಬಡೇ ಅಬ್ಬಾನನ್ನು ಒಬ್ಬನೇ ಎತ್ತಿ ಮಲಗಿಸಿದ. ಅಷ್ಟರಲ್ಲಿ ಅವರಿಗೆ ಮಾತು ನಿಂತಿತ್ತು. ಎದೆಯೊಳಗೆ ನೀರು ಕುದಿಯುವಂಥ ಸದ್ದು. ಅಮ್ಮಿ ಅವರ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡು ಹಾವೇರಿಯ ದೊಡ್ಡ ದವಾಖಾನೆಯ ತನಕ ಕೂತಳು. ಅಬ್ಬಾನಿಗೂ ಬಡೇ ಅಬ್ಬಾನ ಮಗನಿಗೂ ನಾನು ಫೋನು ಮಾಡಿದೆ. ಮದುವೆಯ ಮಾತು ಮುರಿದ ಮೇಲೆ ಅವನ ಜೊತೆ ನಾನು ಆಡಿದ ಮೊದಲ ಮಾತು, "ನಿಮ್ಮ ಅಬ್ಬಾಗ ಹುಷಾರಿಲ್ಲ" ಎನ್ನುವುದು.

ಅವನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಿದ್ದ. ತಾಯಿಯನ್ನು ಊರಿನ ಮನೆಯಿಂದ ಹತ್ತಿಸಿಕೊಂಡು, ಇದ್ದ ಬಟ್ಟೆಯಲ್ಲೇ ದವಾಖಾನೆಗೆ ಬಂದಿದ್ದನಂತೆ. ಬಟ್ಟೆಯ ತುಂಬ ಮೆಣಸಿನಕಾಯಿಯ ಧೂಳು. ಅವನು ವಾರ್ಡಿನೊಳಗೆ ಕಾಲಿಟ್ಟದ್ದೇ ನರ್ಸು, ಡಾಕ್ಟರು, ಪಕ್ಕದ ಹಾಸಿಗೆಯವರು ಎಲ್ಲರೂ ಸೀನತೊಡಗಿದರಂತೆ. ಹೊರಗೆ ಹೋಗಿ ಬಟ್ಟೆ ಬದಲಿಸಿ ಬಾ ಎಂದು ಕಳಿಸಿದರು. ಅವನು ಹೊರಗೆ ಬಂದು ಅಮ್ಮಿಯ ಪಕ್ಕದಲ್ಲಿ ಕೂತ. "ಚಾಚಿ, ನೀವು ಹೋಗದಿದ್ರ..." ಎಂದನಂತೆ. ಅಮ್ಮಿ, "ನಾ ಜಗಳಾಡಾಕ ಹೋಗಿದ್ದೆ," ಎಂದಳಂತೆ.

ಬಡೇ ಅಬ್ಬಾ ಬಹಳ ದಿನ ಅಲ್ಲೇ ಇದ್ದರು. ಸೂಜಿಯ ಮೇಲೆ ಸೂಜಿ ಕೊಟ್ಟರು, ಉಸಿರಾಟದ ಯಂತ್ರಕ್ಕೂ ಹಾಕಿದ್ದರು. ಆ ದಿನಗಳಲ್ಲಿ ಮನೆಯಲ್ಲಿ ಹೆಚ್ಚಾಗಿ ನಾನೂ ಕೂಸೂ ಇಬ್ಬರೇ. ಕೋಳಿಗಳು ಸತ್ತ ಹಿಂದಿನ ರಾತ್ರಿಯೂ ನಾನು ತತ್ತಿ ತಿಂದಿದ್ದೆ. ಕೋಳಿಗಳು ಹಿಂದಿನ ಸಂಜೆಯೇ ಬದು ದಾಟಿದ್ದವೋ ಇಲ್ಲವೋ ನೆನಪಿಗೆ ಬರುತ್ತಿರಲಿಲ್ಲ. ದವಾಖಾನೆಯ ನರ್ಸನ್ನು ಅಮ್ಮಿ ಕೇಳಿದ್ದಕ್ಕೆ, ಏನೂ ಆಗಿರಲಿಕ್ಕಿಲ್ಲ, ಆದರೂ ಕೂಸಿನ ಮೇಲೆ ಕಣ್ಣಿರಲಿ ಎಂದಿದ್ದಳು. ಮಗಳು ಬಾಯಲ್ಲಿ ಜೊಲ್ಲು ಸುರಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಆ ವಯಸ್ಸಿಗೆ ಎಲ್ಲ ಕೂಸುಗಳೂ ಜೊಲ್ಲು ಸುರಿಸುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅವಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿನ ಬೊಟ್ಟು ಎಷ್ಟಿದೆ ಎಂದು ನೋಡುತ್ತಿದ್ದೆ. ನೋಡಿ ಕೆಳಗಿಳಿಸಿ, ಮತ್ತೆ ಎತ್ತಿ ನೋಡುತ್ತಿದ್ದೆ. ಹಾಲು ಕೊಡುವಾಗಲೆಲ್ಲ ಒಂದು ಕ್ಷಣ ಕೈ ಹಿಂಜರಿಯುತ್ತಿತ್ತು. ಅವಳಿಗೆ ಏನೂ ಆಗಲಿಲ್ಲ. ಆದರೆ ಆಗುವುದಿಲ್ಲ ಎಂದು ಆಗ ನನಗೆ ಯಾರು ಹೇಳಬೇಕಿತ್ತು?

ಅಬ್ಬಾ ದಿನಾ ಹಾವೇರಿಗೆ ಹೋಗಿ ಅಣ್ಣನ ಹಾಸಿಗೆಯ ಪಕ್ಕದಲ್ಲಿ ಕೂರುತ್ತಿದ್ದರು. ಮಾತು ಬಂದ ಮೇಲೆ ಬಡೇ ಅಬ್ಬಾ ಹೇಳಿದ್ದು ಒಂದೇ ವಿಷಯ.

"ಒಂದಿನ ಬದುವಿನ ತನಕ ಬಂದಿದ್ದೆ. ಏನು ಮಾಡೋಣು ಅಂತ ಕೇಳಾಕ ಬಂದಿದ್ದೆ. ನೀ ತಿರುಗಿ ನೋಡಲಿಲ್ಲ."

ಅಬ್ಬಾ ಇದನ್ನು ನಮಗೆ ಹೇಳಿ, ಊಟ ಬಿಟ್ಟು ಎದ್ದು ಹೋದರು.

ಹೊಲದ ಕೆಲಸ ಬಾಕಿಯಿತ್ತು. ಎರಡೂ ಹೊಲಗಳಲ್ಲಿ ಉಳಿದ ಮೆಣಸು ಉಳಿಯುವ ಹಾಗಿರಲಿಲ್ಲ. ಅಬ್ಬಾ ಮೊದಲು ನಮ್ಮ ಹೊಲವನ್ನು ಟ್ರ್ಯಾಕ್ಟರಿನಿಂದ ಆಳವಾಗಿ ಹೊಡೆಸಿದರು. ನೇಗಿಲಿನ ಹಿಂದೆ ಮಣ್ಣು ಹೊರಳಿದಂತೆ ಹುಳಗಳು ಅಕ್ಕಿ ಚೆಲ್ಲಿದ ಹಾಗೆ ಮೇಲೆ ಬಿದ್ದವು. ಅಷ್ಟು ಹುಳ ನಮ್ಮ ಕಾಲ ಕೆಳಗೆ ಇತ್ತು ಎಂದು ನನಗೆ ಅಂದೇ ಗೊತ್ತಾಗಿದ್ದು. ಹಕ್ಕಿಗಳು ಬಂದವು. ಕಾಗೆ, ಗೊರವಂಕ, ಮತ್ತೆ ಬೆಳ್ಳಕ್ಕಿಗಳು. ಬೇರೆ ವರ್ಷವಾಗಿದ್ದರೆ ಅವು ಬಂದದ್ದಕ್ಕೆ ಎಲ್ಲರೂ ಖುಷಿಪಡುತ್ತಿದ್ದರು. ಅಮ್ಮಿ ಮಾತ್ರ ಉದ್ದನೆಯ ಕೋಲಿಗೆ ಹಳೆಯ ಲುಂಗಿ ಕಟ್ಟಿಕೊಂಡು ಬದುವಿನ ಉದ್ದಕ್ಕೂ ಓಡಾಡುತ್ತ ಅವುಗಳನ್ನು ಓಡಿಸುತ್ತಿದ್ದಳು.

"ಹುಳ ತಿನ್ನೋ ಹಕ್ಕಿ ಓಡಸ್ತೀಯಲ್ಲ, ತಲಿ ಕೆಟ್ಟೈತೇನು?" ಎಂದರು ಅಬ್ಬಾ.

"ಇತ್ತಿನವು ತಿಂದು ಅತ್ತ ಹೋಗ್ತಾವ. ಅಲ್ಲಿ ಸಾಯ್ತಾವ," ಎಂದಳು. "ಹುಳ ಇರಲಿ. ನಾ ನೋಡ್ಕೋತೇನಿ."

ಹೊತ್ತು ಮುಳುಗುವ ತನಕ ಅವಳು ಹೊಲದಲ್ಲೇ ಇದ್ದಳು. ಅವಳು ಈ ತುದಿಗೆ ಬಂದರೆ ಹಕ್ಕಿಗಳು ಆ ತುದಿಗೆ ಇಳಿಯುತ್ತಿದ್ದವು. ಆಚೆಯ ಹೊಲದಲ್ಲಿ ಸತ್ತ ಬೆಳ್ಳಕ್ಕಿಗಳನ್ನು ಅಬ್ಬಾ ಸಲಿಕೆಯಿಂದ ಬಾಚಿ, ಆಳವಾದ ಗುಂಡಿ ತೋಡಿ ಹೂತರು. ನಮ್ಮ ಪಂಪಿನ ನೀರನ್ನೂ ಕುಡಿಯುವುದು ನಿಲ್ಲಿಸಿದೆವು. ಅದರಲ್ಲಿ ಏನಾದರೂ ಇಳಿದಿದೆಯೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಚಳಿಗಾಲ ಊರೊಳಗಿನ ನಲ್ಲಿಯಿಂದ ಕೊಡ ಹೊತ್ತು ತಂದರು. ನಾನು ಮಗಳನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೊರಟೆ.

ಮುಂದಿನ ಮುಂಗಾರು ಹಿಡಿಯುವ ಹೊತ್ತಿಗೆ ಮತ್ತೆ ತವರಿಗೆ ಬಂದಿದ್ದೆ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಸಂಜೆ ಎರಡು ಮನೆಯವರೂ ಬೇವಿನ ಮರದ ಕೆಳಗೆ ಸೇರಿದರು. ಬಡೇ ಅಬ್ಬಾನನ್ನು ಅವರ ಮಗ ಕುರ್ಚಿಯಲ್ಲಿ ಕೂರಿಸಿದ್ದ. ಅವರ ಒಂದು ಕಾಲು ನೆಲಕ್ಕೆ ಎಳೆಯುತ್ತಿತ್ತು, ಕೈಗಳ ನಡುಕ ನಿಂತಿರಲಿಲ್ಲ. ಚಹಾದ ಕಪ್ಪನ್ನು ಅವರ ಹೆಂಡತಿ ಬಡೀ ಅಮ್ಮಿಯೇ ಬಾಯಿಗೆ ಹಿಡಿಯುತ್ತಿದ್ದರು. ಮರದ ಕೆಳಗೆ ಹಳೆಯ ಚಾದರಗಳನ್ನು ಹಾಸಿ, ಬಕೆಟ್ಟಿನ ನೀರಿಗೆ ಸೀಮೆಎಣ್ಣೆ ಬೆರೆಸಿ ಇಟ್ಟಿದ್ದರು.

ಬೆಳಕು ಇಳಿಯುತ್ತಿದ್ದಂತೆ ಮಣ್ಣು ಅಲ್ಲಲ್ಲಿ ಸಣ್ಣಗೆ ಎದ್ದಿತು. ಆ ತೂತುಗಳಿಂದ ಕಂದು ಬಣ್ಣದ ದುಂಬಿಗಳು ಹೊರಬಂದು, ಕ್ಷಣ ನಿಂತು, ಭಾರವಾದ ಗುಂಯ್ ಸದ್ದಿನೊಂದಿಗೆ ಹಾರಿದವು. ಮೊದಲು ಕೆಲವು, ಆಮೇಲೆ ಹೊಲಕ್ಕೆ ಹೊಲವೇ ಎದ್ದ ಹಾಗೆ. ಮರದ ತುಂಬ ಎಲೆ ಕಡಿಯುವ ಸಪ್ಪಳ. ಅಬ್ಬಾ ಒಂದು ಕೊಂಬೆ ಹಿಡಿದರು, ಬಡೇ ಅಬ್ಬಾನ ಮಗ ಇನ್ನೊಂದು. ಅಲುಗಾಡಿಸಿದಾಗ ಆಲಿಕಲ್ಲು ಬಿದ್ದ ಹಾಗೆ ಚಾದರದ ಮೇಲೆ ಉದುರಿದವು. ಅಮ್ಮಿ ಬಾಚಿ ಬಾಚಿ ಬಕೆಟ್ಟಿಗೆ ಹಾಕಿದಳು. ನೀರು ಕಾಣದಷ್ಟು ತುಂಬಿದರೂ ಮರದಲ್ಲಿ ಸಪ್ಪಳ ಕಡಿಮೆಯಾಗಲಿಲ್ಲ.

"ನೆರೆಯವರ ಹೊಲದಾಗ ಯಾರೂ ಗಿಡ ಅಲುಗಾಡಸಾಕತ್ತಿಲ್ಲ," ಎಂದರು ಅಬ್ಬಾ, ಹೆದ್ದಾರಿಯ ಆಚೆಯ ಕತ್ತಲನ್ನು ನೋಡುತ್ತ.

ನಾನು ಮಗಳನ್ನು ಬಡೇ ಅಬ್ಬಾನ ಕುರ್ಚಿಯ ಪಕ್ಕದಲ್ಲಿ ಕೂರಿಸಿದ್ದೆ. ಅವಳಿಗೆ ಆಗಷ್ಟೇ ನಿಲ್ಲಲು ಬರುತ್ತಿತ್ತು. ಒಂದು ದುಂಬಿ ಅವಳ ಫ್ರಾಕಿನ ಮೇಲೆ ಬಿದ್ದು ಕತ್ತಿನ ಕಡೆ ಹತ್ತತೊಡಗಿತು. ಬಡೇ ಅಬ್ಬಾ ಬಾಗಿ ಅದನ್ನು ತೆಗೆಯಲು ಕೈ ಚಾಚಿದರು. ಬೆರಳುಗಳು ದುಂಬಿಯ ಎಡಕ್ಕೂ ಬಲಕ್ಕೂ ಹೋಗಿ ಬಂದವು, ಅದನ್ನು ಹಿಡಿಯಲಾಗಲಿಲ್ಲ. "ಬೇಟಾ, ನೋಡು, ನನ್ನ ಕೈಲೆ ಆಗವಲ್ದು," ಎಂದರು ನನಗೆ. ನಾನು ಹತ್ತಿರ ಬರುವಷ್ಟರಲ್ಲಿ ಮಗಳೇ ಅದನ್ನು ಹಿಡಿದು ಮುಷ್ಟಿ ಮುಚ್ಚಿಕೊಂಡಿದ್ದಳು. ಒಳಗೆ ಅದು ಕೆರೆಯುವುದಕ್ಕೆ ಕಿಲಕಿಲ ನಗುತ್ತಿದ್ದಳು.

ಅಮ್ಮಿ ಓಡಿ ಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ದುಂಬಿಯನ್ನು ಬಕೆಟ್ಟಿಗೆ ಹಾಕಿ, ಕೂಸನ್ನು ಎತ್ತಿಕೊಂಡು ಮನೆಗೆ ಹೋಗಿ, ಊರಿನಿಂದ ತಂದ ನೀರಿನಲ್ಲಿ ಸಾಬೂನು ಹಚ್ಚಿ ಆ ಅಂಗೈಯನ್ನು ತೊಳೆದಳು. ತೊಳೆದು ಮೂಸಿ ನೋಡಿ ಮತ್ತೆ ತೊಳೆದಳು.

"ದುಂಬಿಯಾಗ ವಿಷ ಇರೂದಿಲ್ಲ ಅಮ್ಮಿ," ಎಂದೆ.

"ಯಾ ಮಣ್ಣಿನ್ಯಾಗಿಂದ ಎದ್ದೈತೋ ಯಾರಿಗೆ ಗೊತ್ತು," ಎಂದಳು ಅಮ್ಮಿ, ಕೈ ಬಿಡದೆ.